ಡಿಗ್ರಿ ಕೌನ್ಸೆಲಿಂಗ್ ಆಫೀಸು: ಫಾರಂ ತುಂಬಿಸಿಕೊಳ್ಳಿ, ಸಲಹೆ ಬೇಡ

ಪಿಯು ಫಲಿತಾಂಶ ಬಂದರೆ ಸಾಕು, ಕಲಬುರಗಿಯಲ್ಲಿ ಎಲ್ಲಿ ನೋಡಿದರೂ ಡಿಗ್ರಿ ಕೌನ್ಸೆಲಿಂಗ್ ಬೋರ್ಡುಗಳು. ಅಂಥ ಒಂದು ಆಫೀಸಿಗೆ ತಮ್ಮನನ್ನು ಕರೆದುಕೊಂಡು ಹೋಗಿದ್ದೆ, ಜಗತ್ ಸರ್ಕಲ್ ಕಡೆ. ಹೆಸರು ಹಾಕುವುದಿಲ್ಲ. ಐದಕ್ಕೆ ಎರಡೂವರೆ ಸ್ಟಾರ್, ಅದೂ ಫಾರಂ ತುಂಬುವ ಹುಡುಗನಿಗೋಸ್ಕರ.

ತಮ್ಮ ಪಿಯುನಲ್ಲಿ ಸೈನ್ಸ್ ಓದಿದವನು, ಈಗ ಬಿಸಿನೆಸ್ ಕಡೆ ಹೋಗ್ತೀನಿ ಅಂತಾನೆ. ನಾನು ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ನೋಡ್ಕೊಳ್ಳುತ್ತೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್ ಎಲ್ಲ ನನ್ನ ತಲೆ ಮೇಲೆ. ಆದರೂ ಈಗಿನ ಸಿಲೆಬಸ್ ಗೊತ್ತಿರುವವರನ್ನು ಕೇಳೋಣ ಅಂತ 500 ರೂಪಾಯಿ ಕಟ್ಟಿದೆವು.

ನಮ್ಮ ಪ್ರಶ್ನೆ ಒಂದೇ. ಮೊದಲ ಸೆಮಿಸ್ಟರ್‌ಗೆ ಏನು ತಗೊಳ್ಳಬೇಕು? ಕೌನ್ಸೆಲರ್ ಒಂದು ಬಣ್ಣದ ಚಾರ್ಟ್ ತೆಗೆದು ಓಪನ್ ಎಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸಿಕೊಳ್ಳುವ ವಿಷಯ), ನಾಲ್ಕನೇ ವರ್ಷದ ಆನರ್ಸ್ ಅಂತ ಶುರು ಮಾಡಿದರು. ಅದು ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ ಕಾಲದ ಚಾರ್ಟ್. 2021-22ರಲ್ಲಿ ಬಂದ ಆ ಪದ್ಧತಿಯನ್ನು ರಾಜ್ಯ ಸರ್ಕಾರ 2024-25ರಿಂದ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿದೆ. ಹಾಗಂತ ಹೇಳಿದರೆ, "ಅದೆಲ್ಲಾ ಕಾಲೇಜಿನವ್ರು ನೋಡ್ಕೋತಾರ್ರಿ ಮೇಡಮ್, ನೀವ್ಯಾಕ್ ಚಿಂತಿ ಮಾಡ್ತೀರಿ" ಅಂದರು. ದುಡ್ಡು ಕೊಟ್ಟಿದ್ದೇ ಚಿಂತೆ ಮಾಡೋಕೆ ಅಲ್ವಾ!

ನಿಜ ಹೇಳಬೇಕಂದ್ರೆ ಬಿಕಾಂ ಮೊದಲ ಸೆಮಿಸ್ಟರ್‌ನಲ್ಲಿ ಆರಿಸಿಕೊಳ್ಳೋಕೆ ಜಾಸ್ತಿ ಏನೂ ಇಲ್ಲ. ಅಕೌಂಟಿಂಗ್ ಥರದ ಮುಖ್ಯ ವಿಷಯಗಳನ್ನು ವಿಶ್ವವಿದ್ಯಾಲಯವೇ ಗೊತ್ತು ಮಾಡಿರುತ್ತದೆ. ನಮ್ಮ ಕೈಯಲ್ಲಿರೋದು ಬಿಕಾಂ ಬೇಕಾ ಬಿಬಿಎ ಬೇಕಾ, ಯಾವ ಕಾಲೇಜು, ಯಾವ ಭಾಷೆ, ಇಷ್ಟೇ. ಇದನ್ನು ಕೂತ ತಕ್ಷಣ ಹೇಳಿಬಿಟ್ಟಿದ್ದರೆ ಉಳಿದ ಹೊತ್ತಿನಲ್ಲಿ ಆ ಮೂರರ ಬಗ್ಗೆಯೇ ಸರಿಯಾಗಿ ಮಾತಾಡಬಹುದಿತ್ತು.

ಬಿಬಿಎ ಬಗ್ಗೆ ಅವರು ಹೇಳಿದ್ದು, "ಲೆಕ್ಕ ಕಮ್ಮಿ ಇರ್ತದ, ಸೀದಾ ಎಂಬಿಎ ಆಗ್ತದ." ಎರಡೂ ಅರ್ಧ ಸತ್ಯ. ಬಿಬಿಎಯಲ್ಲೂ ಅಕೌಂಟ್ಸ್ ಇದೆ, ಸ್ಟ್ಯಾಟಿಸ್ಟಿಕ್ಸ್ ಇದೆ. ಎಂಬಿಎಗೆ ಯಾವ ಡಿಗ್ರಿಯಾದರೂ ನಡೆಯುತ್ತದೆ, ಪ್ರವೇಶ ಪರೀಕ್ಷೆ ಮತ್ತು ಅಂಕ ಮುಖ್ಯ. ಹೇಳಲೇಬೇಕಾದ ಮಾತನ್ನು ಮಾತ್ರ ಹೇಳಲಿಲ್ಲ. 2024-25ರಿಂದ ಬಿಬಿಎ, ಬಿಸಿಎ ಕೋರ್ಸುಗಳು ಎಐಸಿಟಿಇ (ತಾಂತ್ರಿಕ ಶಿಕ್ಷಣಕ್ಕೆ ಒಪ್ಪಿಗೆ ಕೊಡುವ ಕೇಂದ್ರದ ಮಂಡಳಿ) ವ್ಯಾಪ್ತಿಗೆ ಬಂದಿವೆ. ಹಾಗಾಗಿ ಕಾಲೇಜಿಗೆ ಹೋದಾಗ ಬಿಬಿಎಗೆ ಆ ಒಪ್ಪಿಗೆ ಇದೆಯಾ ಅಂತ ಕೇಳಿ, ಪತ್ರ ತೋರಿಸಿ ಅನ್ನಿ. ಇನ್ನು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆಯಲ್ಲ, ಅದರ ಹೆಸರೇ ಬರಲಿಲ್ಲ. ಅಲ್ಲಿಗೆ ಸೇರೋಕೆ ಸಿಯುಇಟಿ ಅನ್ನೋ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದಿರಬೇಕು. ಅದರ ಅರ್ಜಿ ಸಾಮಾನ್ಯವಾಗಿ ಪಿಯು ಫಲಿತಾಂಶಕ್ಕಿಂತ ಮೊದಲೇ ಮುಗಿದಿರುತ್ತದೆ, ಮುಂದಿನ ವರ್ಷ ಪಿಯು ಮುಗಿಸುವ ಮಕ್ಕಳಿರುವ ಮನೆಯವರು ಈಗಲೇ ಗಮನ ಇಡಿ.

ಆಮೇಲೆ ಬಂತು ನೋಡಿ ಅಸಲಿ ವ್ಯಾಪಾರ. ಬಿಕಾಂ ಜೊತೆ ಸಿಎ ಫೌಂಡೇಶನ್ (ಚಾರ್ಟರ್ಡ್ ಅಕೌಂಟೆಂಟ್ ಆಗೋಕೆ ಮೊದಲ ಹಂತದ ಪರೀಕ್ಷೆ) ಕೋಚಿಂಗ್ ಪ್ಯಾಕೇಜ್! ಇವತ್ತೇ ಅಡ್ವಾನ್ಸ್ ಕೊಟ್ಟರೆ ರಿಯಾಯಿತಿ ಅಂತೆ. ಸಿಎ ಓದೋದು ಬೇಡ ಅಂತಲ್ಲ. ಫೌಂಡೇಶನ್‌ನಲ್ಲಿ ನಾಲ್ಕು ಪೇಪರ್, ತಲಾ 100 ಅಂಕ: ಅಕೌಂಟಿಂಗ್, ಬಿಸಿನೆಸ್ ಲಾ, ಗಣಿತ ಮತ್ತು ಸ್ಟ್ಯಾಟಿಸ್ಟಿಕ್ಸ್, ಎಕನಾಮಿಕ್ಸ್. ಪ್ರತಿ ಪೇಪರ್‌ನಲ್ಲಿ 40, ಒಟ್ಟು ಸೇರಿಸಿ ಶೇ. 50 ಬರಬೇಕು. ಗಣಿತ, ಎಕನಾಮಿಕ್ಸ್‌ನಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಟ್. ಡೆಬಿಟ್ ಕ್ರೆಡಿಟ್ ಅಂದರೇನು ಅಂತಲೇ ಗೊತ್ತಿಲ್ಲದ ಸೈನ್ಸ್ ಹುಡುಗನಿಗೆ ಕಾಲೇಜಿನ ಮೊದಲ ಸೆಮಿಸ್ಟರ್ ಜೊತೆಗೇ ಇದನ್ನೂ ಹೊರಿಸಿದರೆ ಎರಡೂ ಕಡೆ ಒದ್ದಾಡುತ್ತಾನೆ. ಬಿಕಾಂನಲ್ಲಿ ಶೇ. 55 ತೆಗೆದರೆ ಫೌಂಡೇಶನ್ ಬರೆಯದೆ ನೇರವಾಗಿ ಸಿಎ ಎರಡನೇ ಹಂತವಾದ ಇಂಟರ್‌ಮೀಡಿಯೆಟ್‌ಗೆ ಸೇರಬಹುದು, ಈ ದಾರಿಯ ಸುದ್ದಿಯೇ ಇಲ್ಲ. ಸಿಎ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐ ವೆಬ್‌ಸೈಟ್‌ನಲ್ಲಿ ಫೌಂಡೇಶನ್ ಪುಸ್ತಕಗಳು ಪುಕ್ಕಟೆ ಸಿಗುತ್ತವೆ ಅನ್ನೋದೂ ಇಲ್ಲ. ತಮ್ಮನಿಗೆ ನಾನು ಹೇಳಿದ್ದು, ಅಕೌಂಟಿಂಗ್ ಭಾಗ ಡೌನ್‌ಲೋಡ್ ಮಾಡ್ಕೋ, ಕ್ಲಾಸ್ ಶುರುವಾಗೋವರೆಗೆ ಜರ್ನಲ್ ಎಂಟ್ರಿ ಬರೀತಾ ಇರು, ಭಾನುವಾರ ನಾನು ನೋಡ್ತೀನಿ. "ಅಕ್ಕಾ, ಫೀಸ್ ಎಷ್ಟು?" ಅಂತ ಕೇಳಿದ. ಬಿಸಿನೆಸ್‌ಗೆ ಸರಿಯಾದ ಹುಡುಗ.

ಭಾಷೆ ವಿಷಯದಲ್ಲಿ ಮಾತ್ರ ಕೌನ್ಸೆಲರ್ ಹೇಳಿದ್ದು ಒಪ್ಪಿಗೆಯಾಯಿತು. ಅಂಕ ಸುಲಭವಾಗಿ ಬರುತ್ತದೆ ಅಂತ ಯಾರೋ ಹೇಳಿದ ಭಾಷೆ ಬೇಡ, ನಿಮಗೆ ತಡವರಿಸದೆ ಬರೆಯೋಕೆ ಬರುವುದನ್ನು ತಗೊಳ್ಳಿ ಅಂದರು. ಕನ್ನಡ ಅಂತ ಬರೆಸಿದೆವು.

ಫಾರಂ ತುಂಬುವ ಕೌಂಟರ್ ಬೇರೆ. ಅಲ್ಲಿನ ಹುಡುಗ ಅಪ್ಪಟ ಕೆಲಸಗಾರ. ಡಿಗ್ರಿ ಪ್ರವೇಶದ ಸರ್ಕಾರಿ ಪೋರ್ಟಲ್ ಯುಯುಸಿಎಂಎಸ್ ತೆರೆಯುವ ಮೊದಲೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು, ತಂದೆ ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸ ಹಿಡಿದ. "ಇದನ್ನ ಮೊದಲ ಸರಿ ಮಾಡಿಸ್ರಿ ಅಕ್ಕೋರ, ಸ್ಕಾಲರ್‌ಶಿಪ್ ಹೊತ್ನಾಗ ತ್ರಾಸ್ ಆಗ್ತದ" ಅಂದ. 371(ಜೆ) ಸರ್ಟಿಫಿಕೇಟ್ (ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿಗೆ ಬೇಕಾಗುವ ಪತ್ರ), ಜಾತಿ ಆದಾಯ ಪತ್ರ ಎಲ್ಲ ಒಂದೊಂದಾಗಿ ಕೇಳಿ, ಸ್ಕ್ಯಾನ್ ಮಾಡಿ, ತಮ್ಮನ ಮೇಲ್‌ಗೂ ಕಳಿಸಿದ. ಇವನಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಹೋಗೋದಾದರೆ ನೇರ ಅವನ ಕೌಂಟರ್‌ಗೇ ಹೋಗಿ. ಬೆಳಿಗ್ಗೆ ಬೇಗ ಹೋದರೆ ಒಳ್ಳೇದು, ಮಧ್ಯಾಹ್ನ ಸರ್ವರ್ ನಿಧಾನ, ಬಿಸಿಲಲ್ಲಿ ಹೊರಗೆ ನಿಲ್ಲೋಕೆ ನೆರಳೂ ಇಲ್ಲ. ಜೆರಾಕ್ಸ್ ಹೊರಗಡೆ ಮಾಡಿಸಿಕೊಂಡೇ ಹೋಗಿ, ಒಳಗೆ ರೇಟ್ ಜಾಸ್ತಿ.