ಬಾಗಲಕೋಟೆ ನವನಗರದ ಉಚಿತ ಕಾನೂನು ನೆರವು: ಅಕ್ಕನ ಕೇಸಿನಲ್ಲಿ ನಾವು ಕಂಡಿದ್ದು

ಪುಕ್ಕಟೆ ಸಿಗೋ ವಕೀಲರು ಅಂದ್ರೆ ಜನರಿಗೆ ಒಂಥರಾ ಅಸಡ್ಡೆ. ದುಡ್ಡು ಕೊಡದಿದ್ರೆ ಯಾರು ಕೇಸು ನೋಡ್ತಾರೆ ಅಂತ ಇಳಕಲ್‌ನಲ್ಲಿ ನನ್ನ ಜೊತೆ ಸೀರೆ ಅಂಗಡಿಯಲ್ಲಿ ಕೆಲಸ ಮಾಡುವವರೂ ಹೇಳಿದರು. ನವನಗರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ನೆರವು ಪಡೆದ ಮೇಲೆ ಹೇಳುತ್ತಿದ್ದೇನೆ, ಆ ಮಾತು ನಂಬಬೇಡಿ.

ಹೊಲದ ಬದುವಿನ ಜಗಳ ನಮ್ಮದು. ಅಕ್ಕನಿಗೆ ಮೈದುನನಾಗಬೇಕಾದವನೊಬ್ಬ ಕುಡುಗೋಲು ಬೀಸಿದ. ತಲೆಗೆ ಬೀಳುತ್ತಿದ್ದ ಏಟಿಗೆ ಅಕ್ಕ ಕೈ ಅಡ್ಡ ಹಿಡಿದಳು. ಬಲಗೈ ಸೀಳಿತು, ಮೂಳೆಯೂ ಮುರಿಯಿತು. ರೊಟ್ಟಿ ಬಡಿಯುವ ಕೈ ಅದು. ಠಾಣೆಯಲ್ಲಿ ಮೊದಲು ಬಂದ ಮಾತು, "ಮನಿ ಜಗಳ, ಹಿರ್ಯಾರನ್ನ ಕೂಡಿಸಿ ಬಗಿಹರಿಸ್ಕೋರಿ." ಮಾವ ಪಟ್ಟು ಹಿಡಿದಿದ್ದಕ್ಕೆ ಎಫ್‌ಐಆರ್ ಆಯ್ತು. ಒಂದು ಪ್ರತಿ ಕೈಗೆ ಕೊಟ್ಟರು. ಅದನ್ನು ಹಣ ಕೊಡದೆ ಪಡೆಯುವುದು ಫಿರ್ಯಾದಿಯ ಹಕ್ಕು.

ಪ್ರಾಧಿಕಾರ ನೇಮಿಸಿದ ವಕೀಲೆ ಮಾಡಿದ ಮೊದಲ ಕೆಲಸ, ಆ ಪ್ರತಿಯನ್ನು ಅಕ್ಕನ ಎದುರಿಗೆ ಜೋರಾಗಿ ಓದಿದ್ದು. ಸಾಲು ಸಾಲಾಗಿ ಓದಿ ಮುಗಿಸಿ ಕೇಳಿದರು, "ಅಕ್ಕಾರ, ಇದರಾಗ ಕುಡುಗೋಲು ಎಲ್ಲಿ ಐತಿ?" ಇರಲೇ ಇಲ್ಲ. ಕೈಯಿಂದ ಹೊಡೆದ ಅಂತಷ್ಟೇ ಬರೆದಿತ್ತು.

ಈ ಒಂದು ಪದ ಬಿಟ್ಟರೆ ಏನಾಗುತ್ತೆ ಅಂತ ಅವರು ತಿಳಿಸಿದ ರೀತಿ ನನಗೆ ಮರೆಯೋಕಾಗಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಬರಿಗೈಯಲ್ಲಿ ಸಾಮಾನ್ಯ ಗಾಯ ಮಾಡಿದರೆ ಕಲಂ 115(2), ಹೆಚ್ಚೆಂದರೆ 1 ವರ್ಷ ಶಿಕ್ಷೆ. ಮೂಳೆ ಮುರಿದರೆ ಅದು ಘೋರ ಗಾಯ. ಹರಿತವಾದ ಆಯುಧದಿಂದ ಘೋರ ಗಾಯ ಮಾಡಿದರೆ ಕಲಂ 118(2). ಅದಕ್ಕೆ ಕನಿಷ್ಠ 1 ವರ್ಷ, ಮೇಲಕ್ಕೆ 10 ವರ್ಷ ಅಥವಾ ಜೀವಾವಧಿ. ಎಕ್ಸ್‌ರೇ ವರದಿ, ಆಸ್ಪತ್ರೆಯ ವೂಂಡ್ ಸರ್ಟಿಫಿಕೇಟ್ ಜೋಡಿಸಿ ಎಸ್‌ಪಿಯವರಿಗೆ ಅರ್ಜಿ ಬರೆದುಕೊಟ್ಟರು. ಆಮೇಲೆ ಪೊಲೀಸರು ಅಕ್ಕನ ಹೇಳಿಕೆ ಮತ್ತೆ ತಗೊಂಡರು, ಕಲಂ ಬದಲಾಯ್ತು.

ಇಷ್ಟಕ್ಕೇ ನಾನು ಇದನ್ನು ಬರೆಯುತ್ತಿರಲಿಲ್ಲ. ಮಾವನಿಗೆ ಸಿಟ್ಟು ಜಾಸ್ತಿ ಇತ್ತು. ಹೊಡೆದವನ ತಮ್ಮನ ಹೆಸರನ್ನೂ ಸೇರಿಸಿ ಅಂದರು. ಅವತ್ತು ಆ ಹುಡುಗ ಹೊಲದಲ್ಲಿ ಇರಲೇ ಇಲ್ಲ. ವಕೀಲೆ ಪೆನ್ನು ಕೆಳಗಿಟ್ಟರು. "ಇದ್ದವರ ಹೆಸರಷ್ಟ ಹೇಳ್ರಿ. ಇಲ್ಲದವರನ್ನ ಸೇರ್ಸಿದ್ರ ನಾ ಬರಿಯೂದಿಲ್ಲ." ಮಾವ ಸುಮ್ಮನಾದರು. ಫೀಸು ತಗೊಂಡು, ಕೇಳಿದ್ದನ್ನೆಲ್ಲ ಬರೆದುಕೊಡುವವರನ್ನು ನಮ್ಮ ಊರ ಕಡೆ ನೋಡಿದ್ದೇನೆ. ಸುಮ್ನೆ ಹೆಸರು ಸೇರಿಸಿದ್ದಕ್ಕೆ ವರ್ಷಗಟ್ಟಲೆ ಕೋರ್ಟಿಗೆ ಅಲೆದವರನ್ನೂ ನೋಡಿದ್ದೇನೆ. ಒಂದು ಸುಳ್ಳು ಹೆಸರು ಸೇರಿದರೆ ಪಾಟಿ ಸವಾಲಿನಲ್ಲಿ ಅಕ್ಕನ ನಿಜವಾದ ಮಾತನ್ನೂ ಯಾರೂ ನಂಬಲ್ಲ, ಅಲ್ವಾ?

ಇನ್ನೊಂದು ವಿಷಯ ಅಕ್ಕನಿಗೆ ನುಂಗೋಕೆ ಕಷ್ಟವಾಯ್ತು. ಹೊಡೆದವನು ಜೈಲಿನಲ್ಲಿದ್ದ, ಅವನಿಗೂ ಕಾನೂನು ಸೇವೆಯಿಂದಲೇ ಬೇರೆ ವಕೀಲರು ಸಿಕ್ಕರು. "ನನ್ನ ಕೈ ಮುರಿದವಗೂ ಸರ್ಕಾರದ ವಕೀಲರಾ?" ಅಂತ ಅತ್ತಳು. ನನಗೂ ಆ ದಿನ ಹೊಟ್ಟೆ ಉರಿದದ್ದು ನಿಜ. ಆದರೂ ಅದೇ ಸರಿ ಅಂತ ನಾನು ಹೇಳುತ್ತೇನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಬಂಧನದಲ್ಲಿರುವ ಯಾರಿಗಾದರೂ ಈ ನೆರವು ಕೊಡುತ್ತೆ. ಅವನ ಪರ ಮಾತಾಡೋಕೆ ಯಾರೂ ಇಲ್ಲದೆ ಶಿಕ್ಷೆಯಾದರೆ ಅದು ಮೇಲಿನ ಕೋರ್ಟಿನಲ್ಲಿ ನಿಲ್ಲುವುದೂ ಕಷ್ಟ. ನಾಳೆ ನಮ್ಮ ಮನೆ ಹುಡುಗನನ್ನೇ ಯಾರೋ ಸುಳ್ಳು ಕೇಸಿನಲ್ಲಿ ಸಿಕ್ಕಿಸಬಹುದು.

ಈ ಸೇವೆಗೆ ಮಿತಿಗಳಿವೆ. ಕೋರ್ಟಿನಲ್ಲಿ ಕೇಸು ನಡೆಸುವುದು ಸರ್ಕಾರಿ ಅಭಿಯೋಜಕರು. ನಮ್ಮ ವಕೀಲರು ಅವರ ಜೊತೆ ನಿಂತು ನೆರವಾಗಬಹುದು ಅಷ್ಟೇ. ತಾರೀಖು ಮುಂದೆ ಹೋಗುವುದನ್ನು ಇವರಿಂದ ತಡೆಯೋಕಾಗಲ್ಲ. ಸಂತ್ರಸ್ತರ ಪರಿಹಾರಕ್ಕೂ ಇಲ್ಲೇ ಅರ್ಜಿ ಹಾಕಬಹುದು, ನಾವು ಈಗಷ್ಟೇ ಹಾಕಿದ್ದೇವೆ. ಆರೋಪಿ ಯಾರು ಅಂತ ಗೊತ್ತಾಗದ ಕೇಸಿನಲ್ಲೂ ಪರಿಹಾರ ಕೇಳಬಹುದು ಅನ್ನೋದು ಹೆಚ್ಚು ಜನರಿಗೆ ತಿಳಿದಿಲ್ಲ.

ನನ್ನ ಬೇಸರ ಒಂದೇ. ಠಾಣೆಯಲ್ಲಾಗಲಿ, ಅಕ್ಕನಿಗೆ ಹೊಲಿಗೆ ಹಾಕಿದ ಆಸ್ಪತ್ರೆಯಲ್ಲಾಗಲಿ ಈ ಸೇವೆಯ ಬಗ್ಗೆ ಯಾರೂ ಒಂದು ಮಾತು ಹೇಳಲಿಲ್ಲ. ಅಮೀನಗಡದಲ್ಲಿ ಬಸ್ಸು ನಿಂತಾಗ ಪಕ್ಕದಲ್ಲಿ ಕೂತಿದ್ದ ಅಂಗನವಾಡಿ ಟೀಚರ್ ಹೇಳಿದ್ದರಿಂದ ಗೊತ್ತಾಯ್ತು. ರಕ್ತ ಸುರಿಸುತ್ತಾ ಬರುವವರು ಮೊದಲು ನೋಡುವ ಗೋಡೆ ಮೇಲೆ 15100 ಅಂತ ದೊಡ್ಡದಾಗಿ ಬರೆಸಬೇಕು. ಅದು ಕಾನೂನು ನೆರವಿನ ಸಹಾಯವಾಣಿ.

ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಇವರಿಗೆ ಆದಾಯ ಎಷ್ಟಿದ್ದರೂ ನೆರವು ಸಿಗುತ್ತೆ. ನವನಗರದವರೆಗೆ ಬರೋಕಾಗದಿದ್ದರೆ ತಾಲ್ಲೂಕು ಕೋರ್ಟಿನಲ್ಲೂ ಸಮಿತಿ ಇದೆ. ಬರುವಾಗ ಆಧಾರ್, ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಚೀಟಿ ತನ್ನಿ. ಎಕ್ಸ್‌ರೇ ಫಿಲ್ಮ್ ಮಡಚಬೇಡಿ, ಅದರ ಕವರಿನಲ್ಲೇ ಇಟ್ಟು ತನ್ನಿ.