ಸ್ಕ್ರೂಡ್ರೈವರ್ ಮಕ್ಕಳ ಕೈಯಲ್ಲೇ ಇತ್ತು: ಒಂದು ಉಚಿತ ರೋಬೋಟಿಕ್ಸ್ ಶಿಬಿರದ ಬಗ್ಗೆ

ಮಗಳು ಈ ಬೇಸಿಗೆ ರಜೆಯಲ್ಲಿ 12 ದಿನದ ವಿಜ್ಞಾನ ಮತ್ತು ರೋಬೋಟಿಕ್ಸ್ ಶಿಬಿರಕ್ಕೆ ಹೋಗಿ ಬಂದಳು. ಕೈಯಲ್ಲಿ ಕಾಸಿಲ್ಲದ ನಮ್ಮಂಥ ಮನೆಗಳ ಮಕ್ಕಳಿಗೆಂದೇ ನಡೆಸಿದ ಉಚಿತ ಶಿಬಿರ ಅದು. ನಾನು ಫ್ಯಾನ್, ರೇಡಿಯೊ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವನು. ವೈರು, ಮೋಟಾರು ಗೊತ್ತು. ಪ್ರೋಗ್ರಾಮಿಂಗ್ ಗೊತ್ತಿಲ್ಲ. ಕೆಲಸದಿಂದ ಬಿಡುವು ಮಾಡಿಕೊಂಡು ನಾಲ್ಕು ದಿನ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಮಕ್ಕಳನ್ನು ಕಳಿಸೋದಾ ಬೇಡವಾ ಅಂತ ಯೋಚಿಸುತ್ತಿರುವ ಅಪ್ಪ ಅಮ್ಮಂದಿರಿಗೆ ಮತ್ತು ಇಂಥ ಶಿಬಿರ ನಡೆಸುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹೋದ ವರ್ಷ ಬೇರೊಂದು ಶಿಬಿರಕ್ಕೆ ಕಳಿಸಿದ್ದೆ. ಅಲ್ಲಿ 60 ಮಕ್ಕಳು, ಒಂದೇ ರೋಬೋಟ್. ಅದೂ ಮೊದಲೇ ಜೋಡಿಸಿಟ್ಟಿದ್ದು. ದೊಡ್ಡವರು ಓಡಿಸಿದರು, ಮಕ್ಕಳು ಚಪ್ಪಾಳೆ ತಟ್ಟಿದರು. "ಏನು ಮಾಡಿದೆ ಪುಟ್ಟಾ?" ಅಂತ ಕೇಳಿದರೆ "ನೋಡಿದೆ ಅಪ್ಪಾ" ಅಂದಳು. ಆ ಮಾತು ಮನಸ್ಸಿಗೆ ಚುಚ್ಚಿತ್ತು. ಹಾಗಾಗಿ ಈ ಸಲ ಹೆಸರು ಬರೆಸುವ ಮುಂಚೆ ಒಂದೇ ಪ್ರಶ್ನೆ ಕೇಳಿದೆ: ಒಂದು ಕಿಟ್‌ಗೆ ಎಷ್ಟು ಮಕ್ಕಳು? "ಮೂವರು" ಅಂದರು. ಹೋಗಿ ನೋಡಿದೆ, ಹೇಳಿದ ಹಾಗೇ ಇತ್ತು. 24 ಮಕ್ಕಳು, 8 ಕಿಟ್, ಕಲಿಸುವವರು ನಾಲ್ಕು ಜನ. ಸಾರ್, ಮಿಸ್ ಅಂತ ಯಾರೂ ಕರೆಯಲಿಲ್ಲ. ಎಲ್ಲರೂ ಅಕ್ಕ, ಅಣ್ಣ.

ಮೊದಲ ದಿನವೇ ನನಗೆ ನಂಬಿಕೆ ಬಂತು. ಪ್ರತಿ ಮಗುವಿಗೂ ಎರಡು ಕೆಂಪು ಎಲ್‌ಇಡಿ, ಕರೆಂಟಿಗೆ ತಡೆ ಹಾಕುವ ಒಂದು 470 ಓಮ್ ರೆಸಿಸ್ಟರ್, ಒಂದು 9 ವೋಲ್ಟ್ ಬ್ಯಾಟರಿ ಕೊಟ್ಟರು. ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ ಹಾಕಿಸಿದರು. ಆಮೇಲೆ ಅಕ್ಕ ಹೇಳಿದ್ದು: "ಒಂದು ಎಲ್‌ಇಡಿ ಸುಡೋದಕ್ಕೇ ಕೊಟ್ಟಿದ್ದೀವಿ. ನೇರ ಬ್ಯಾಟರಿಗೆ ಹಿಡೀರಿ." ಮಕ್ಕಳು ಅವರ ಮುಖ ನೋಡಿದರು. ಯಾರೂ ಕೈ ಮುಂದೆ ಮಾಡಲಿಲ್ಲ. ವಸ್ತು ಹಾಳು ಮಾಡಬಾರದು ಅಂತ ಕೇಳಿಕೊಂಡೇ ಬೆಳೆದ ಮಕ್ಕಳಲ್ವಾ. ಕೊನೆಗೆ ಮೂಲೆಯಲ್ಲಿ ಕೂತಿದ್ದ ಒಬ್ಬ ಹುಡುಗ ಹಿಡಿದ. ಒಂದು ಕ್ಷಣ ಝಗ್ ಅಂತ ಹೊಳೆದು ಆರಿಹೋಯಿತು. ಸುಟ್ಟ ವಾಸನೆ ನನ್ನ ಬೆಂಚಿನವರೆಗೂ ಬಂತು. ಆಮೇಲೆ ಎಲ್ಲರೂ ಸುಟ್ಟರು.

ಲೆಕ್ಕ ಹಾಕಿಸಿದ್ದು ಅದಾದ ಮೇಲೆ. ಬ್ಯಾಟರಿ 9 ವೋಲ್ಟ್. ಕೆಂಪು ಎಲ್‌ಇಡಿಗೆ ಬೇಕಾದ್ದು ಸುಮಾರು 2. ಉಳಿದ 7 ವೋಲ್ಟನ್ನು ರೆಸಿಸ್ಟರ್ ಹೊರಬೇಕು. 7ನ್ನು 470ರಿಂದ ಭಾಗಿಸಿದರೆ ಹರಿಯುವ ಕರೆಂಟ್ ಹೆಚ್ಚುಕಡಿಮೆ 0.015 ಆಂಪ್, ಅಂದರೆ 15 ಮಿಲಿಆಂಪ್. ಎಲ್‌ಇಡಿ ಅಷ್ಟನ್ನು ತಡೆಯುತ್ತದೆ. ಎರಡನೇ ಎಲ್‌ಇಡಿ ಹೊತ್ತಿತು, ಹೊತ್ತಿಕೊಂಡೇ ಇತ್ತು. ನಾನು ಕೆಲಸ ಕಲಿಯುವಾಗ ಒಂದು ಫ್ಯೂಸ್ ಹೋದರೂ ಬೈಗುಳ ತಿನ್ನುತ್ತಿದ್ದೆ. ಹೆದರಿಕೆಯಿಂದಲೇ ಎಷ್ಟೋ ವರ್ಷ ವೋಲ್ಟ್ ಅಳೆಯುವ ಮೀಟರ್ ಮುಟ್ಟಿರಲಿಲ್ಲ. ಅವತ್ತು ಆ ಮಕ್ಕಳನ್ನು ನೋಡಿ ಗಂಟಲು ಕಟ್ಟಿತು.

ಪ್ರೋಗ್ರಾಮಿಂಗನ್ನು ಕಂಪ್ಯೂಟರ್ ಇಲ್ಲದೆಯೇ ಶುರು ಮಾಡಿದರು. ಒಬ್ಬರು ರೋಬೋಟ್, ಕಣ್ಣಿಗೆ ಬಟ್ಟೆ. ಇನ್ನೊಬ್ಬರು ಹೇಳಬೇಕು: ಮುಂದೆ 4 ಹೆಜ್ಜೆ, ಬಲಕ್ಕೆ 90 ಡಿಗ್ರಿ. "ಆ ಕಡೆ ಹೋಗು" ಅಂದರೆ ರೋಬೋಟ್ ಕದಲುವಂತಿಲ್ಲ. 1967ರಲ್ಲಿ ಸೀಮೋರ್ ಪೇಪರ್ಟ್ ಮತ್ತು ಜೊತೆಗಾರರು ಮಕ್ಕಳಿಗಾಗಿ ಲೋಗೋ ಅನ್ನುವ ಭಾಷೆ ಮಾಡಿದರು. ಅದರಲ್ಲಿ ಆಮೆ ಅನ್ನುವ ಪುಟ್ಟ ರೋಬೋಟಿಗೆ ಆಜ್ಞೆ ಕೊಡುವುದೂ ಇದೇ ರೀತಿ ಅಂತ ಅಣ್ಣ ವಿವರಿಸಿದರು. ಮನೆಯಲ್ಲಿ ಕಂಪ್ಯೂಟರ್ ಕಂಡೇ ಇರದ ಮಕ್ಕಳಿಗೆ ಇದು ಸರಿಯಾದ ಬಾಗಿಲು.

ಮಕ್ಕಳು ಬರೆದ ಪ್ರೋಗ್ರಾಮ್ ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡು ಆರ್ಡುಯಿನೊ ಊನೊ. ಇದು ನನಗೆ ಖುಷಿ ಕೊಟ್ಟಿತು. 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ವಿದ್ಯಾರ್ಥಿಗಳಿಗೆಂದು ಹುಟ್ಟಿದ ಬೋರ್ಡ್ ಅದು. ನಕ್ಷೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಯಾರು ಬೇಕಾದರೂ ತಯಾರಿಸಬಹುದು. ಇವರು ತಂದಿದ್ದರಲ್ಲಿ ಚಿಪ್ ಸಾಕೆಟ್ಟಿನಲ್ಲಿ ಕೂತಿತ್ತು. ಸುಟ್ಟರೆ ಅದೊಂದನ್ನೇ ಕಿತ್ತು ಬೇರೆ ಹಾಕಬಹುದು. ಲೆಗೊ ಕಂಪನಿಯ ಮೈಂಡ್‌ಸ್ಟಾರ್ಮ್ಸ್ ಅನ್ನುವ ರೋಬೋಟ್ ಕಿಟ್ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ 1998ರಲ್ಲಿ ಬಂದದ್ದನ್ನು ಕಂಪನಿ 2022ರ ಕೊನೆಗೆ ನಿಲ್ಲಿಸಿತು. ದಾನದ ಮೇಲೆ ನಡೆಯುವ ಶಿಬಿರಕ್ಕೆ ರಿಪೇರಿ ಆಗುವ, ಬಿಡಿ ಭಾಗ ಎಲ್ಲೆಡೆ ಸಿಗುವ ಸಾಮಾನೇ ಬೇಕು.

ಐದನೇ ದಿನದಿಂದ ಗಾಡಿ. ಎರಡು ಹಳದಿ ಗೇರ್ ಮೋಟಾರ್, ಮೋಟಾರಿಗೆ ಕರೆಂಟ್ ಕೊಡುವ ಒಂದು ಡ್ರೈವರ್ ಬೋರ್ಡ್, ಎದುರಿಗೆ ಎರಡು ಕಣ್ಣಿನ ಹಾಗೆ ಕಾಣುವ ಅಲ್ಟ್ರಾಸೋನಿಕ್ ಸೆನ್ಸಾರ್. ಮಗಳ ಗುಂಪಿನ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಒಂದೇ ಥರದ ಎರಡು ಮೋಟಾರ್ ಒಂದೇ ವೇಗದಲ್ಲಿ ತಿರುಗುವುದು ಅಪರೂಪ, ಅದು ನನಗೆ ಗೊತ್ತು. ಹೇಳಬೇಕು ಅಂತ ಬಾಯಿ ತೆರೆದೆ. ಅಣ್ಣ ಕಣ್ಣಲ್ಲೇ ಬೇಡ ಅಂದರು. ಮಕ್ಕಳು ಚಕ್ರ ಬಿಚ್ಚಿದರು, ಹಾಕಿದರು. ಆಮೇಲೆ ಎಡ ಬಲದ ಮೋಟಾರುಗಳನ್ನು ಅದಲು ಬದಲು ಮಾಡಿದರು. ಆಗ ಗಾಡಿ ಬಲಕ್ಕೆ ಎಳೆಯಿತು! "ಹಂಗಾದ್ರೆ ತಪ್ಪು ಮೋಟಾರಿಂದು" ಅಂತ ಮಗಳು ಕೂಗಿದಳು. ವೇಗಕ್ಕೆ 0ಯಿಂದ 255ರವರೆಗೆ ಅಂಕಿ ಕೊಡಬಹುದು. ಜೋರಾಗಿದ್ದ ಮೋಟಾರಿಗೆ 200ರ ಬದಲು 182 ಕೊಟ್ಟ ಮೇಲೆ ಗಾಡಿ ನೆಲದ ಗೆರೆ ಹಿಡಿದು ನೆಟ್ಟಗೆ ಹೋಯಿತು. ಅಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆಗೋಸ್ಕರವೇ ಮಕ್ಕಳನ್ನು ಕಳಿಸಬೇಕು.

ಇನ್ನೊಂದು ಗುಂಪಿನ ಗಾಡಿ ಗೋಡೆ ಕಂಡರೆ ನಿಲ್ಲುತ್ತಿತ್ತು, ಕಿಟಕಿಯ ದಪ್ಪ ಪರದೆಗೆ ಮಾತ್ರ ಹೋಗಿ ಗುದ್ದುತ್ತಿತ್ತು. ಸೆನ್ಸಾರ್ ನೋಡುವುದಿಲ್ಲ, ಕೂಗಿ ಕೇಳಿಸಿಕೊಳ್ಳುತ್ತದೆ. ನಮ್ಮ ಕಿವಿಗೆ ಕೇಳದ 40 ಕಿಲೊಹರ್ಟ್ಸ್ ಶಬ್ದ ಬಿಟ್ಟು, ಅದು ತಿರುಗಿ ಬರಲು ಎಷ್ಟು ಹೊತ್ತಾಯಿತು ಅಂತ ಅಳೆಯುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುವುದರಿಂದ, ಒಂದು ಮೀಟರ್ ದೂರದ ಗೋಡೆಗೆ ಹೋಗಿ ಬರಲು 6 ಮಿಲಿಸೆಕೆಂಡ್ ಸಾಕು. ಮೆತ್ತಗಿನ ಬಟ್ಟೆ ಶಬ್ದವನ್ನು ನುಂಗಿಬಿಡುತ್ತದೆ. ಇದನ್ನು ಯಾರೂ ಮೊದಲೇ ಹೇಳಲಿಲ್ಲ. ಮಕ್ಕಳೇ ಪುಸ್ತಕ, ದಿಂಬು, ಓರೆಯಾಗಿ ಹಿಡಿದ ಹಲಗೆ ಎಲ್ಲ ಇಟ್ಟು ನೋಡಿ ಪಟ್ಟಿ ಮಾಡಿದರು. ಓರೆ ಹಲಗೆಯೂ ಮೋಸ ಮಾಡಿತು, ಚೆಂಡು ಪಕ್ಕಕ್ಕೆ ಪುಟಿದ ಹಾಗೆ ಶಬ್ದ ಬೇರೆ ಕಡೆ ಹೋಗಿಬಿಟ್ಟಿತ್ತು.

ವಿಜ್ಞಾನದ ಭಾಗ ಇದಕ್ಕೆ ಹೋಲಿಸಿದರೆ ಸಪ್ಪೆ. ಫೋಲ್ಡ್‌ಸ್ಕೋಪ್ ಅನ್ನುವ ಕಾಗದದ ಮೈಕ್ರೋಸ್ಕೋಪ್ ಮಡಚಿ, 140 ಪಟ್ಟು ದೊಡ್ಡದಾಗಿ ಈರುಳ್ಳಿ ಪೊರೆ ನೋಡಿದ್ದು ಚೆನ್ನಾಗಿತ್ತು. ಉಳಿದದ್ದು ಜಾಸ್ತಿ ಮಾತು, ಕಡಿಮೆ ಕೆಲಸ.

ಕೊರತೆಗಳನ್ನೂ ಹೇಳಲೇಬೇಕು. ಎಲ್ಲಕ್ಕಿಂತ ದೊಡ್ಡದು ಬ್ಯಾಟರಿ. ಗಾಡಿಗೆ ನಾಲ್ಕು ಸೆಲ್, ಅಂದರೆ 6 ವೋಲ್ಟ್. ಅವರ ಡ್ರೈವರ್ ಬೋರ್ಡ್ ಎಲ್298ಎನ್. ಅದೇ ಸುಮಾರು 2 ವೋಲ್ಟ್ ತಿಂದುಬಿಡುತ್ತದೆ. ಮೋಟಾರಿಗೆ ಉಳಿಯುವುದು 4. ಮಧ್ಯಾಹ್ನದ ಹೊತ್ತಿಗೆ ಸೆಲ್ ಇಳಿದು ಗಾಡಿಗಳು ಗುಂಯ್ ಅನ್ನುತ್ತಿದ್ದವೇ ಹೊರತು ಕದಲುತ್ತಿರಲಿಲ್ಲ. ಮಕ್ಕಳು ತಮ್ಮ ಪ್ರೋಗ್ರಾಮ್ ತಪ್ಪು ಅಂದುಕೊಂಡು ಒಂದು ಗಂಟೆ ಹುಡುಕಿದರು. ಒಂದು ಹುಡುಗಿ "ನಂಗೆ ಬರಲ್ಲ" ಅಂತ ಕಣ್ಣೀರು ಹಾಕಿದಳು. ನಾನು ಮೀಟರ್ ಇಟ್ಟು ಅವಳಿಗೆ ಅಂಕಿ ತೋರಿಸಿದೆ. ತಪ್ಪು ಅವಳದಾಗಿರಲಿಲ್ಲ. ನಡೆಸುವವರು ದಯವಿಟ್ಟು ಆರು ಸೆಲ್ ಹಾಕಿ. ಇಲ್ಲ ಟಿಬಿ6612 ಥರ ಕಡಿಮೆ ವೋಲ್ಟ್ ತಿನ್ನುವ ಡ್ರೈವರ್ ತನ್ನಿ. ಚಾರ್ಜ್ ಮಾಡುವ ಸೆಲ್ ಆದರೆ ಒಂದಕ್ಕೆ 1.2 ವೋಲ್ಟ್ ಮಾತ್ರ, ನಾಲ್ಕು ಸೆಲ್ ಸಾಲುವುದೇ ಇಲ್ಲ. ಗುಂಪಿಗೊಂದು ಮಲ್ಟಿಮೀಟರ್ ಇಡಿ.

ಇನ್ನು ಕೀಬೋರ್ಡ್. ಮೊದಲ ಮೂರು ದಿನ ಹುಡುಗರೇ ಹಿಡಿದು ಕೂತಿದ್ದರು, ಹುಡುಗಿಯರು ನೋಟ್ ಬರೆಯುತ್ತಿದ್ದರು. ಅಕ್ಕ ಗಮನಿಸಿ 20 ನಿಮಿಷಕ್ಕೊಮ್ಮೆ ಗಂಟೆ ಹೊಡೆದು ಕೆಲಸ ಬದಲಿಸತೊಡಗಿದರು: ಒಬ್ಬರು ಕೀಬೋರ್ಡ್, ಒಬ್ಬರು ವೈರು, ಒಬ್ಬರು ಬರವಣಿಗೆ. ಇದು ಮೊದಲ ದಿನದಿಂದಲೇ ಇರಬೇಕಿತ್ತು.

ಅವರು ಮಾಡಿದ ಒಂದು ಒಳ್ಳೆಯ ಕೆಲಸ ಹೊರಗಿನವರ ಕಣ್ಣಿಗೆ ಬೀಳುವಂಥದ್ದಲ್ಲ. ಎರಡನೇ ದಿನ ಇಬ್ಬರು ದೊಡ್ಡ ಹುಡುಗಿಯರು ಬರಲಿಲ್ಲ. ಮನೆಯಲ್ಲಿ ತಮ್ಮ, ತಂಗಿಯನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಶಿಬಿರದವರು ಮನೆಗೇ ಹೋಗಿ "ಚಿಕ್ಕವರನ್ನೂ ಕರ್ಕೊಂಡು ಬಾ" ಅಂದರು. ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿ, ಒಬ್ಬರನ್ನು ಅದಕ್ಕೇ ಅಂತ ಕೂರಿಸಿದರು. ಆ ಇಬ್ಬರೂ ಕೊನೆಯ ದಿನದವರೆಗೆ ಬಂದರು. ನಮ್ಮಂಥವರ ಮನೆಗೆ ಉಚಿತ ಅಂದರೆ ಸಾಲದು, ಬರುವುದಕ್ಕೆ ದಾರಿಯೂ ಆಗಬೇಕು.

ಕೊನೆಯ ದಿನ ಮಾತ್ರ ಬೇಜಾರಾಯಿತು. ದಾನಿಗಳು ಬಂದರು. ಮಕ್ಕಳನ್ನು ಬ್ಯಾನರ್ ಹಿಂದೆ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು, ಬ್ಯಾನರಿನಲ್ಲಿ ಬಡ ಮಕ್ಕಳು ಅಂತ ದಪ್ಪ ಅಕ್ಷರ. ಮಗಳು ಅದನ್ನು ಓದಿ ನನ್ನ ಕಡೆ ನೋಡಿದಳು. 12 ದಿನ ಆಕೆ ಬಡ ಹುಡುಗಿ ಆಗಿರಲಿಲ್ಲ, ಗಾಡಿ ನೆಟ್ಟಗೆ ಓಡಿಸಿದ ಹುಡುಗಿ ಆಗಿದ್ದಳು. ಆಮೇಲೆ ಗಾಡಿಗಳನ್ನು ಬಿಚ್ಚಿಸಿ ಕಿಟ್ ವಾಪಸ್ ತೆಗೆದುಕೊಂಡರು. ಮುಂದಿನ ತಂಡಕ್ಕೆ ಬೇಕು, ಅರ್ಥ ಆಗುತ್ತದೆ. ಆದರೆ ಬ್ಯಾನರಿನ ಖರ್ಚಿನಲ್ಲಿ ಪ್ರತಿ ಮಗುವಿಗೆ ಒಂದು ಮೋಟಾರ್, ಬೆಸುಗೆ ಇಲ್ಲದೆ ವೈರು ಚುಚ್ಚುವ ಒಂದು ಬ್ರೆಡ್‌ಬೋರ್ಡ್, ನಾಲ್ಕು ಎಲ್‌ಇಡಿ ಕೊಟ್ಟು ಕಳಿಸಬಹುದಿತ್ತು. ತಿಂಗಳಿಗೊಮ್ಮೆ ಕಿಟ್ ಮುಟ್ಟಲು ಬನ್ನಿ ಅಂತ ಹೇಳಿದ್ದರೂ ಸಾಕಿತ್ತು.

ಮತ್ತೆ ಕಳಿಸುತ್ತೀನಾ ಅಂದರೆ, ಖಂಡಿತ ಕಳಿಸುತ್ತೇನೆ. ಕೆಲಸ ಬಿಟ್ಟು ಹೋಗಿ ಬ್ಯಾಟರಿ ಡಬ್ಬಿ ಬದಲಾಯಿಸಿಕೊಡುತ್ತೇನೆ ಅಂತಲೂ ಅವರಿಗೆ ಹೇಳಿ ಬಂದಿದ್ದೇನೆ.

ನಿನ್ನೆ ಸಂಜೆ ಮಗಳು ನನ್ನ ಗುಜರಿ ಡಬ್ಬಿ ಕೆದಕಿ ಹಳೇ ಟೇಪ್ ರೆಕಾರ್ಡರಿನ ಮೋಟಾರ್ ಹೊರಗೆ ತೆಗೆದಳು. "ಇಂಥದ್ದೇ ಇನ್ನೊಂದು ಇದೆಯಾ ಅಪ್ಪಾ? ಎರಡರ ವೇಗ ಅಳೆದು ನೋಡ್ಬೇಕು." ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ.