'ಕಾನ್ಫಿಗರೇಶನ್ ಬ್ಯಾಕಪ್' ಅಂತ ಬರೆದಿರುವ ಎಎಂಸಿಗೆ (ವಾರ್ಷಿಕ ನಿರ್ವಹಣೆ ಒಪ್ಪಂದಕ್ಕೆ) ಸಹಿ ಹಾಕುವ ಮುಂಚೆ ಇದನ್ನು ಓದಿ

ಸ್ವಂತ ಡಿಎನ್‌ಎಸ್ ಸರ್ವರ್ (ವೆಬ್‌ಸೈಟ್, ಮೇಲ್ ಹೆಸರಿಗೆ ಅದರ ವಿಳಾಸ ಹೇಳುವ ಸರ್ವರ್) ಇಟ್ಟುಕೊಂಡು, ಅದರ ಬ್ಯಾಕಪ್ ಹೊರಗಿನವರ ಕೈಗೆ ಕೊಟ್ಟಿದ್ದೀರಾ? ಹಾಗಾದರೆ ದಯವಿಟ್ಟು ಪೂರ್ತಿ ಓದಿ. ನನಗೆ ಇನ್ನೂ ಕೋಪ ಇಳಿದಿಲ್ಲ. ಬರೆಯುವುದಕ್ಕೆ ನಾಚಿಕೆಯೂ ಆಗುತ್ತಿದೆ. ಆದರೂ ಬರೆಯುತ್ತೇನೆ, ಇನ್ನೊಬ್ಬರಿಗೆ ಹೀಗೆ ಆಗಬಾರದು.

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಐಟಿ ನೋಡಿಕೊಳ್ಳುತ್ತೇನೆ. ನಮ್ಮ ಡಾಟ್ ಕಾಮ್ ಡೊಮೇನಿಗೆ ಬೈಂಡ್ ಅನ್ನುವ ಡಿಎನ್‌ಎಸ್ ಸಾಫ್ಟ್‌ವೇರ್ ಓಡುವ ಎರಡು ಸರ್ವರ್ ಇವೆ. ಮೂಲ ಪ್ರತಿ ಇರುವ ಪ್ರೈಮರಿ ಇಲ್ಲಿ, ಅದರಿಂದ ನಕಲು ತೆಗೆದುಕೊಳ್ಳುವ ಸೆಕೆಂಡರಿ ಪೀಣ್ಯದ ಬ್ರಾಂಚಿನಲ್ಲಿ. ಎರಡನ್ನೂ ನೋಡಿಕೊಳ್ಳಲು ಒಂದು ಕಂಪನಿಗೆ ವರ್ಷಕ್ಕೆ 85,000 ರೂಪಾಯಿ, ಮೇಲೆ ಜಿಎಸ್‌ಟಿ. ಹೆಸರು ಹೇಳುವುದಿಲ್ಲ. ಪ್ರತಿ ತಿಂಗಳ ಮೊದಲ ವಾರ ಅವರಿಂದ ಒಂದು ಪಿಡಿಎಫ್ ಬರುತ್ತಿತ್ತು. 'ಡಿಎನ್‌ಎಸ್ ಬ್ಯಾಕಪ್: ದಿನಾಲೂ, ಯಶಸ್ವಿ', ಪಕ್ಕದಲ್ಲಿ ಹಸಿರು ಟಿಕ್. 'ಒಟ್ಟು ರೆಕಾರ್ಡ್: 46'. ರೆಕಾರ್ಡ್ ಅಂದರೆ ಒಂದು ಹೆಸರು, ಅದರ ವಿಳಾಸ ಇಂಥ ಒಂದು ಸಾಲು; ಡೊಮೇನಿನ ಎಲ್ಲಾ ರೆಕಾರ್ಡ್ ಸೇರಿದರೆ ಝೋನ್. ಇಂಥ ಪಿಡಿಎಫ್ 17 ಬಂದಿದ್ದವು. 17ನ್ನೂ ನಾನು ನಂಬಿದೆ.

2025ರ ಆಗಸ್ಟ್ 8, ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ಸಂಜೆ ಐದೂವರೆಗೆ ಪ್ರೈಮರಿ ಸರ್ವರಿನ ಎಸ್‌ಎಸ್‌ಡಿ ಸತ್ತಿತು. ನಾನು ಆಗಲೇ ಮನೆಗೆ ಬಂದಿದ್ದೆ. ಅಲರ್ಟ್ ನೋಡಿ ಅವರಿಗೆ ಫೋನ್ ಮಾಡಿದೆ. "ಬ್ಯಾಕಪ್ ಇದೆ ಸಾರ್, ಹೊಸ ವಿಎಂ ಎಬ್ಬಿಸಿ ಎರಡು ಗಂಟೆಯಲ್ಲಿ ರಿಸ್ಟೋರ್ ಮಾಡಿಕೊಡ್ತೀವಿ, ನೀವು ಹಬ್ಬ ಮಾಡಿ" ಅಂದರು. ವಿಎಂ ಅಂದರೆ ವರ್ಚುವಲ್ ಸರ್ವರ್.

ಇಲ್ಲಿ ಒಂದು ವಿಷಯ ಗಮನಿಸಿ. ಆ ಹೊತ್ತಿಗೆ ನಮ್ಮದೇನೂ ಕೆಟ್ಟಿರಲಿಲ್ಲ. ಪ್ರೈಮರಿ ಸತ್ತರೂ ಪೀಣ್ಯದ ಸೆಕೆಂಡರಿ ಉತ್ತರ ಕೊಡುತ್ತಲೇ ಇತ್ತು. ನಮ್ಮ ಎಸ್‌ಒಎ ರೆಕಾರ್ಡಿನಲ್ಲಿ (ಝೋನಿನ ನಿಯಮಗಳಿರುವ ರೆಕಾರ್ಡ್) ಎಕ್ಸ್‌ಪೈರ್ 12,09,600 ಸೆಕೆಂಡ್ ಇತ್ತು. ಅಂದರೆ 14 ದಿನ. ಪ್ರೈಮರಿ ಇಲ್ಲದೆಯೂ 14 ದಿನ ಸೆಕೆಂಡರಿ ತನ್ನ ಬಳಿ ಇರುವ ಝೋನನ್ನು ಕೊಡುತ್ತಾ ಇರುತ್ತದೆ. ವೆಬ್‌ಸೈಟ್ ನಡೆಯುತ್ತಿತ್ತು, ಮೇಲ್ ಬರುತ್ತಿತ್ತು. ಯಾರೂ ಏನೂ ಮುಟ್ಟದೆ ಸುಮ್ನೆ ಇದ್ದಿದ್ದರೆ ಸೋಮವಾರ ನಿಧಾನವಾಗಿ ಸರಿಮಾಡಬಹುದಿತ್ತು. ಸೋಮವಾರದವರೆಗೆ ಟೈಮ್ ಇತ್ತು ನಮಗೆ. ಸೋಮವಾರದವರೆಗೆ!

ಏಳೂವರೆಗೆ ಅವರ ಹುಡುಗ ಫೋನ್ ಮಾಡಿದ. ಮನೆ ತುಂಬಾ ಅರಿಶಿನ ಕುಂಕುಮಕ್ಕೆ ಬಂದವರು.

"ಸಾರ್, ರಿಸ್ಟೋರ್ ಆಯ್ತು. ಆದ್ರೆ ಸೆಕೆಂಡರಿ ಝೋನ್ ತಗೊಳ್ತಿಲ್ಲ. ನಮ್ಮ ಸೀರಿಯಲ್ ಕಡಿಮೆ ಇದೆ ಅಂತ ಲಾಗ್‌ನಲ್ಲಿ ಬರ್ತಿದೆ. ಸೀರಿಯಲ್ ಜಾಸ್ತಿ ಮಾಡ್ಲಾ?"

ನಾನು "ಮಾಡಿ" ಅಂದೆ.

ಅದೊಂದು ಮಾತು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಲಸುತ್ತದೆ. ಸೀರಿಯಲ್ ಅಂದರೆ ಝೋನಿನ ಆವೃತ್ತಿ ಸಂಖ್ಯೆ, ಅದನ್ನು ತಾರೀಖಿನಿಂದ ಬರೆಯುವುದು ರೂಢಿ; ತನ್ನದಕ್ಕಿಂತ ದೊಡ್ಡದಿದ್ದರೆ ಮಾತ್ರ ಸೆಕೆಂಡರಿ ಹೊಸ ಪ್ರತಿ ತೆಗೆದುಕೊಳ್ಳುತ್ತದೆ. ಅದು ಯಾಕೆ ಕಡಿಮೆ ಇದೆ ಅಂತ ನಾನು ಕೇಳಬೇಕಿತ್ತು. ಬ್ಯಾಕಪ್ ದಿನಾಲೂ ಆಗುತ್ತಿದ್ದರೆ ನಿನ್ನೆಯ ಝೋನ್ ಇರಬೇಕಲ್ವಾ? ಸೀರಿಯಲ್ ಅದೇ, ಇಲ್ಲಾ ಅದರ ಹತ್ತಿರದ್ದು ಇರಬೇಕಲ್ವಾ? ಪೀಣ್ಯದಲ್ಲಿದ್ದದ್ದು 2025060903. ಇವರು ರಿಸ್ಟೋರ್ ಮಾಡಿದ್ದು 2024021501. ಹತ್ತಿರ ಹತ್ತಿರ ಒಂದೂವರೆ ವರ್ಷ ಹಳೆಯ ಝೋನ್. ಸೆಕೆಂಡರಿ ಅದನ್ನು ಬೇಡ ಅಂತ ತಳ್ಳುತ್ತಿತ್ತು. ಅದು ಸರಿಯಾದ ಕೆಲಸವನ್ನೇ ಮಾಡುತ್ತಿತ್ತು. ನಮ್ಮನ್ನು ಕಾಪಾಡುತ್ತಿತ್ತು. ಆ ಹುಡುಗ ಸೀರಿಯಲ್ಲನ್ನು 2025080801 ಮಾಡಿ ರಿಲೋಡ್ ಕೊಟ್ಟ. ಕೆಲವೇ ಸೆಕೆಂಡಿನಲ್ಲಿ ಪ್ರೈಮರಿಯಿಂದ ನೋಟಿಫೈ (ಝೋನ್ ಬದಲಾಗಿದೆ ಅನ್ನುವ ಸೂಚನೆ) ಹೋಯಿತು, ಸೆಕೆಂಡರಿ ಪೂರ್ತಿ ಝೋನ್ ಎಳೆದುಕೊಂಡಿತು. ಹಳೆಯದು ಹೊಸದರ ಮೇಲೆ ಕೂತಿತು. ಪ್ರಪಂಚದಲ್ಲಿ ಉಳಿದಿದ್ದ ಒಂದೇ ಒಂದು ಒಳ್ಳೆಯ ಪ್ರತಿ ಅಳಿಸಿಹೋಯಿತು.

ಒಂಬತ್ತೂಕಾಲಿಗೆ ಒಬ್ಬ ಡೀಲರ್ ಫೋನ್ ಮಾಡಿ ಆರ್ಡರ್ ಪೇಜ್ ತೆರೆಯುತ್ತಿಲ್ಲ ಅಂದರು. ಮೊಬೈಲಿನಲ್ಲಿ ನೋಡಿದೆ, ನನಗೂ ಇಲ್ಲ. ಗೂಗಲ್‌ನ ಸಾರ್ವಜನಿಕ ರಿಸಾಲ್ವರ್ (ಹೆಸರಿನ ವಿಳಾಸ ಹುಡುಕಿಕೊಡುವ ಸರ್ವರ್) 8.8.8.8 ಅನ್ನು ಕೇಳಿದರೆ ಸರ್ವ್‌ಫೇಲ್, ಅಂದರೆ ಉತ್ತರ ಕೊಡಲಾಗಲಿಲ್ಲ ಅನ್ನುವ ದೋಷ. ಎಎಂಸಿ ಕಂಪನಿಯವರಿಗೆ ಮೆಸೇಜ್ ಹಾಕಿದೆ. ಬಂದ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

"ನಮ್ಮ ಕಡೆ ಎಲ್ಲಾ ಓಕೆ ತೋರಿಸ್ತಿದೆ ಸಾರ್."

"ನಿಮ್ಮ ಐಎಸ್‌ಪಿ ಪ್ರಾಬ್ಲಮ್ ಇರಬೇಕು ಸಾರ್."

"ಪ್ರಾಪಗೇಶನ್ ಸಾರ್. 48 ಗಂಟೆ ಕಾಯಿರಿ."

ಅವರು ನೋಡಿದ್ದು ಏನು ಗೊತ್ತಾ? ನಮ್ಮ ಸರ್ವರಿಗೇ ನೇರವಾಗಿ ಡಿಗ್ (ಡಿಎನ್‌ಎಸ್ ಕೇಳಿ ನೋಡುವ ಕಮಾಂಡ್) ಹೊಡೆದು ನೋಡಿದ್ದರು. ಅಥಾರಿಟೇಟಿವ್ ಸರ್ವರ್, ಅಂದರೆ ಝೋನ್ ಇಟ್ಟುಕೊಂಡಿರುವ ನಮ್ಮ ಸರ್ವರ್, ತನ್ನ ಹತ್ತಿರ ಇದ್ದದ್ದನ್ನು ಕೊಡುತ್ತದೆ, ಡಿಎನ್‌ಎಸ್‌ಸೆಕ್ ಸಹಿ (ಉತ್ತರ ಅಸಲಿ ಅಂತ ತೋರಿಸುವ ಡಿಜಿಟಲ್ ಸಹಿ) ಸರಿಯಿದೆಯಾ ಅಂತ ಅದು ಪರೀಕ್ಷೆ ಮಾಡುವುದಿಲ್ಲ. ಪರೀಕ್ಷೆ ಮಾಡುವುದು ಹೊರಗಿನ ರಿಸಾಲ್ವರ್. ನಾನು 8.8.8.8ಕ್ಕೆ ಡಿಗ್‌ನಲ್ಲಿ ಪ್ಲಸ್ ಸಿಡಿ (ಸಹಿ ಪರೀಕ್ಷೆ ಬೇಡ ಅನ್ನುವ ಆಯ್ಕೆ) ಹಾಕಿ ಕೇಳಿದೆ, ಉತ್ತರ ಬಂತು. ಅದನ್ನು ತೆಗೆದು ಕೇಳಿದೆ, ಸರ್ವ್‌ಫೇಲ್. ಅಲ್ಲಿಗೆ ಡಿಎನ್‌ಎಸ್‌ಸೆಕ್ ಮುರಿದಿದೆ ಅಂತ ಖಚಿತವಾಯಿತು. ಸಹಿ ಹಾಕುವ ಕೀಲಿ ಫೈಲುಗಳು ಬ್ಯಾಕಪ್‌ನಲ್ಲಿ ಇರಲೇ ಇಲ್ಲ! ಕಾನ್ಫಿಗ್‌ನಲ್ಲಿ ಡಿಎನ್‌ಎಸ್‌ಸೆಕ್ ಪಾಲಿಸಿ ಇತ್ತು. ಬೈಂಡ್ ಎದ್ದು ನೋಡಿತು, ಕೀಲಿ ಕಾಣಲಿಲ್ಲ, ತಾನೇ ಹೊಸ ಕೀಲಿ ಮಾಡಿಕೊಂಡು ಝೋನಿಗೆ ಸಹಿ ಹಾಕಿತು. ಮೇಲೆ ಡಾಟ್ ಕಾಮ್‌ನಲ್ಲಿ ಇದ್ದ ಡಿಎಸ್ ರೆಕಾರ್ಡ್ (ನಮ್ಮ ಕೀಲಿ ಯಾವುದು ಅಂತ ಹೇಳುವ ಗುರುತು) ಹಳೆಯ ಕೀಲಿಯದು. ಎರಡೂ ಹೊಂದಲಿಲ್ಲ.

ಇದನ್ನೆಲ್ಲಾ ನಾನು ಅವರಿಗೆ ಹೇಳಿದೆ. ದುಡ್ಡು ತೆಗೆದುಕೊಂಡವರು ಅವರು, ವಿವರಿಸಿದವನು ನಾನು.

ಆಮೇಲೆ ನಾನೇ ಆ ಬ್ಯಾಕಪ್ ಟಾರ್ ಫೈಲ್ ಬಿಚ್ಚಿ ನೋಡಿದೆ. ಒಳಗೆ ಇದ್ದದ್ದು /ಇಟಿಸಿ/ಬೈಂಡ್ ಒಂದೇ ಫೋಲ್ಡರ್. ನಮ್ಮ ಝೋನ್ ಫೈಲು, ಜರ್ನಲ್ (ಹೊಸ ಬದಲಾವಣೆ ಬರೆದಿಡುವ ಫೈಲು), ಕೀಲಿ ಎಲ್ಲಾ ಇದ್ದದ್ದು /ವಾರ್/ಲಿಬ್/ಬೈಂಡ್‌ನಲ್ಲಿ. ಅಲ್ಲಿಗೆ ಸಾಗಿಸಿದವರು ಇವರೇ, 2024ರ ಫೆಬ್ರವರಿಯಲ್ಲಿ. ಸಾಗಿಸಿದ ಮೇಲೆ ಹಳೆಯ ಝೋನ್ ಫೈಲನ್ನು /ಇಟಿಸಿ/ಬೈಂಡ್‌ನಲ್ಲೇ ಬಿಟ್ಟಿದ್ದರು. ಬ್ಯಾಕಪ್ ಸ್ಕ್ರಿಪ್ಟ್ ಬದಲಾಯಿಸಲಿಲ್ಲ. ಆ ಸತ್ತ ಫೈಲನ್ನೇ ದಿನಾಲೂ ಕಾಪಿ ಮಾಡಿ ನಮಗೆ ಹಸಿರು ಟಿಕ್ ಕಳಿಸಿದ್ದರು. ಮತ್ತೆ ಆ 46? ಅದನ್ನು ನಡೆಯುತ್ತಿದ್ದ ಸರ್ವರಿನಿಂದ ಎಣಿಸಿ ಬರೆದದ್ದು. ಎಣಿಸಿದ್ದು ಒಂದು, ಬ್ಯಾಕಪ್ ಮಾಡಿದ್ದು ಇನ್ನೊಂದು.

ರಾತ್ರಿ ಹತ್ತೂವರೆಗೆ ಅವರ ಮ್ಯಾನೇಜರ್ ಫೋನಿಗೆ ಸಿಕ್ಕರು. ಆ ಮಾತನ್ನು ನಾನು ಮರೆಯುವುದಿಲ್ಲ.

"ಸಾರ್, ಅಗ್ರಿಮೆಂಟ್ ನೋಡಿ. 'ಕಾನ್ಫಿಗರೇಶನ್ ಬ್ಯಾಕಪ್' ಅಂತ ಇದೆ. ಕಾನ್ಫಿಗರೇಶನ್ ಇದೆಯಲ್ಲ ಸಾರ್, ಕೊಟ್ಟಿದೀವಿ. ಝೋನ್ ಅನ್ನೋದು ಡೇಟಾ. ಡೇಟಾ ಬ್ಯಾಕಪ್ ನಮ್ಮ ಸ್ಕೋಪ್‌ನಲ್ಲಿ ಬರಲ್ಲ."

ನಾನು ಎರಡು ನಿಮಿಷ ಮಾತಾಡಲಿಲ್ಲ. ಡಿಎನ್‌ಎಸ್ ಸರ್ವರಿನಲ್ಲಿ ಝೋನ್ ಬಿಟ್ಟರೆ ಇನ್ನೇನಿದೆ? ಕಾನ್ಫಿಗ್ ಫೈಲನ್ನು ನಾನು ಅರ್ಧ ಗಂಟೆಯಲ್ಲಿ ನೆನಪಿನಿಂದ ಬರೆಯುತ್ತೇನೆ. ಝೋನನ್ನು ಯಾರು ನೆನಪಿನಿಂದ ಬರೆಯುತ್ತಾರೆ? ಕೀಲಿಯನ್ನು ಯಾರು ಬರೆಯುತ್ತಾರೆ? ಅಗ್ರಿಮೆಂಟ್ ತೆಗೆದು ನೋಡಿದರೆ ನಿಜ, ಹಾಗೇ ಇದೆ. ಸಹಿ ನನ್ನದೇ.

ಹೇಗೆ ಸರಿಮಾಡಿದೆ ಅಂತ ಬೇಗ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ನಮ್ಮ ಆಫೀಸಿನಲ್ಲಿ ಬೇರೆ ಒಂದು ಕ್ಯಾಶಿಂಗ್ ರಿಸಾಲ್ವರ್ ಇದೆ, ಸಿಕ್ಕ ಉತ್ತರಗಳನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುವಂಥದ್ದು. ನಮ್ಮ ಹೆಚ್ಚಿನ ರೆಕಾರ್ಡುಗಳ ಟಿಟಿಎಲ್ (ಹಾಗೆ ನೆನಪಿಡುವ ಅವಧಿ) 86,400 ಸೆಕೆಂಡ್, ಅಂದರೆ ಒಂದು ದಿನ. ಆ ರಾತ್ರಿಯೇ ಅದರಲ್ಲಿ ಆರ್‌ಎನ್‌ಡಿಸಿ ಡಂಪ್‌ಡಿಬಿ ಕಮಾಂಡ್ ಕೊಟ್ಟು ಕ್ಯಾಶ್ ಪೂರ್ತಿ ಫೈಲಿಗೆ ಇಳಿಸಿದೆ. ಅದರಿಂದ 31 ರೆಕಾರ್ಡ್ ವಾಪಸ್ ಸಿಕ್ಕವು. ಬೆಳಿಗ್ಗೆವರೆಗೆ ಬಿಟ್ಟಿದ್ದರೆ ಎಷ್ಟೋ ಅವಧಿ ಮುಗಿದು ಹೋಗುತ್ತಿದ್ದವು. ಡಿಕೆಐಎಂ, ಎಸ್‌ಪಿಎಫ್ ಥರದವು (ಮೇಲ್ ನಿಜಕ್ಕೂ ನಮ್ಮದೇ ಅಂತ ತೋರಿಸುವ ರೆಕಾರ್ಡುಗಳು) ಅದರಲ್ಲಿ ಇರಲಿಲ್ಲ, ಆಫೀಸಿನೊಳಗಿಂದ ಅವನ್ನು ಯಾರು ಕೇಳುತ್ತಾರೆ? ಅವನ್ನು ಮೇಲ್ ಸೇವೆಯವರ ಅಡ್ಮಿನ್ ಪೇಜಿನಿಂದ ತೆಗೆದೆ. ಉಳಿದವು ಹಳೆಯ ಮೇಲ್, ರೂಟರ್, ಫೈರ್‌ವಾಲ್ ಎಲ್ಲಾ ಕೆದಕಿ. ರಿಜಿಸ್ಟ್ರಾರ್ ಪೇಜಿಗೆ ಹೋಗಿ ಡಿಎಸ್ ರೆಕಾರ್ಡ್ ತೆಗೆಸಿದೆ. ಡಾಟ್ ಕಾಮ್‌ನಲ್ಲಿ ಅದರ ಟಿಟಿಎಲ್ಲೂ ಒಂದು ದಿನ, ಹಾಗಾಗಿ ಶನಿವಾರ ರಾತ್ರಿವರೆಗೆ ಕೆಲವರಿಗೆ ಸೈಟ್ ತೆರೆಯಿತು, ಕೆಲವರಿಗೆ ಇಲ್ಲ. ಹಳೆಯ ಝೋನಿನ ಎಂಎಕ್ಸ್ (ಮೇಲ್ ಯಾವ ಸರ್ವರಿಗೆ ಹೋಗಬೇಕು ಅನ್ನುವ ರೆಕಾರ್ಡ್) ನಾವು 2024ರ ನವೆಂಬರಿನಲ್ಲಿ ನಿಲ್ಲಿಸಿದ್ದ ಮೇಲ್ ಸರ್ವರನ್ನು ತೋರಿಸುತ್ತಿತ್ತು. ಕಳಿಸಿದವರ ಸರ್ವರಿನಲ್ಲೇ ಮೇಲ್‌ಗಳು ಸಿಕ್ಕಿಬಿದ್ದಿದ್ದವು. ಹೊಸೂರಿನ ಒಬ್ಬ ಗ್ರಾಹಕರ ಶೆಡ್ಯೂಲ್ ನಮಗೆ ಬಂದದ್ದು ಭಾನುವಾರ. ಸೋಮವಾರ ಎಂಡಿ ಎದುರು ನಿಂತು ಉತ್ತರ ಕೊಟ್ಟವನು ನಾನು, ಆ ಮ್ಯಾನೇಜರ್ ಅಲ್ಲ.

ಅವರಿಂದ ಬಂದದ್ದು ಒಂದು ಕೊಟೇಶನ್. 'ಝೋನ್ ಡೇಟಾ ಬ್ಯಾಕಪ್, ಹೆಚ್ಚುವರಿ ಸೇವೆ, ವರ್ಷಕ್ಕೆ 24,000.' ಕ್ಷಮಿಸಿ ಅನ್ನುವ ಮಾತು ಎಲ್ಲೂ ಇಲ್ಲ.

ನಿಮಗೆ ಹೇಳುವುದು ಇಷ್ಟು. ರಿಪೋರ್ಟ್ ನಂಬಬೇಡಿ, ಇವತ್ತೇ ಆ ಟಾರ್ ಫೈಲ್ ಕೇಳಿ ತೆಗೆದುಕೊಂಡು ಒಳಗೆ ಏನಿದೆ ನೋಡಿ. ಝೋನ್, ಕೀಲಿ ಎರಡೂ ಇರಬೇಕು. ಡೈನಾಮಿಕ್ ಝೋನ್ (ಸರ್ವರ್ ನಡೆಯುತ್ತಿರುವಾಗಲೇ ಬದಲಾಗುವ ಝೋನ್) ಆದರೆ ಕಾಪಿಗೆ ಮುಂಚೆ ಆರ್‌ಎನ್‌ಡಿಸಿ ಸಿಂಕ್ ಮಾಡುತ್ತಾರಾ ಅಂತ ಕೇಳಿ, ಇಲ್ಲದಿದ್ದರೆ ಹೊಸ ಬದಲಾವಣೆ ಜರ್ನಲ್ಲಿನಲ್ಲೇ ಉಳಿದಿರುತ್ತದೆ. ಅಗ್ರಿಮೆಂಟಿನಲ್ಲಿ ಫೋಲ್ಡರ್ ಹೆಸರು ಸಮೇತ ಬರೆಸಿ. ಬೇರೆ ವಿಎಂನಲ್ಲಿ ಒಂದು ಸಲ ಎಬ್ಬಿಸಿ ತೋರಿಸಿ ಅನ್ನಿ. ಪ್ರೈಮರಿ ಸತ್ತರೆ ಮೊದಲು ಸೆಕೆಂಡರಿಯ ಝೋನ್ ಫೈಲನ್ನು ಬೇರೆ ಕಡೆ ಕಾಪಿ ಮಾಡಿ. ಅದು ರಾ (ಬೈನರಿ) ಫಾರ್ಮ್ಯಾಟ್‌ನಲ್ಲಿ ಇದ್ದರೆ ಹೆದರಬೇಡಿ, ನೇಮ್ಡ್ ಕಂಪೈಲ್‌ಝೋನ್ ಅನ್ನುವ ಕಮಾಂಡಿನಿಂದ ಓದುವ ಹಾಗೆ ಮಾಡಬಹುದು. ಕಾಪಿ ಆಗುವವರೆಗೆ ಸೀರಿಯಲ್ ಮುಟ್ಟಲು ಯಾರಿಗೂ ಬಿಡಬೇಡಿ. ಹಬ್ಬದ ದಿನ ಫೋನಿನಲ್ಲಿ "ಮಾಡಿ" ಅನ್ನಬೇಡಿ.

46ರಲ್ಲಿ ಇಲ್ಲಿಯವರೆಗೆ 42 ಸಿಕ್ಕಿವೆ. ಉಳಿದ ನಾಲ್ಕು ಯಾವುವು ಅಂತ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಯಾರಾದರೂ ಫೋನ್ ಮಾಡಿ ಇಂಥದ್ದು ತೆರೆಯುತ್ತಿಲ್ಲ ಅಂದಾಗಲೇ ಗೊತ್ತಾಗಬೇಕು.